ಮರಳಿನಡಿಯ ಊರು, ಬಿಸಿಲು ಕಾಣದ ಕಿರೀಟ: ಫ್ಯಾಂಟಸಿ ಬರೆಯುವವರಿಗೆ ಕಥೆ ಎಲ್ಲಿಂದ ಹೊಳೆಯುತ್ತದೆ?

ನನ್ನ ತಂಗಿಯ ಮಗಳು ಮಂಡ್ಯದಲ್ಲಿ ಪಿಯುಸಿ ಓದುತ್ತಿದ್ದಾಳೆ. ದಸರಾ ರಜೆಗೆ ಮೈಸೂರಿನ ನಮ್ಮ ಮನೆಗೆ ಬಂದವಳು ಇನ್ನೂರು ಪುಟದ ಒಂದು ನೋಟ್‌ಬುಕ್ ಕೈಗಿಟ್ಟಳು. "ಕಾದಂಬರಿ ಬರೀತಿದೀನಿ ದೊಡ್ಡಮ್ಮ. ಫ್ಯಾಂಟಸಿ" ಅಂದಳು.

ಮೊದಲ ಪುಟದಲ್ಲಿ ಹಿಮ ಬೀಳುತ್ತಿತ್ತು. ಓಕ್ ಮರದ ಕೆಳಗೆ ಕುದುರೆ ಸವಾರನೊಬ್ಬ ನಿಂತಿದ್ದ. ಹಿಮ ಹೇಗಿತ್ತು ಅಂದರೆ ಬೆಳ್ಳಗಿತ್ತು, ತಣ್ಣಗಿತ್ತು, ಅಷ್ಟೇ. ಅವಳು ಹಿಮ ನೋಡಿಲ್ಲ. ಮೂವತ್ತನೇ ಪುಟದ ಹತ್ತಿರ ಸವಾರ ಒಂದು ಕಾಲುವೆ ದಡಕ್ಕೆ ಬಂದ. ಅಲ್ಲಿ ಹೀಗೆ ಬರೆದಿದ್ದಳು: "ನೀರು ಬಿಟ್ಟ ದಿನ ಮೊದಲು ಬರುವುದು ನೀರಲ್ಲ, ಸದ್ದು. ಒಣಗಿದ ಎಲೆ, ಕಡ್ಡಿ, ಒಂಟಿ ಚಪ್ಪಲಿ, ನೊರೆ ಎಲ್ಲಾ ಒಂದರ ಮೇಲೊಂದು ಉರುಳಿಕೊಂಡು ಬರುತ್ತವೆ. ನೀರು ಅವುಗಳ ಹಿಂದೆ ಅಡಗಿಕೊಂಡು ಬರುತ್ತದೆ." ಓದಿ ಮೈ ಜುಮ್ಮೆಂದಿತು. ಅದು ವಿ.ಸಿ. ನಾಲೆ. ಅವಳು ಹುಟ್ಟಿದಾಗಿನಿಂದ ನೋಡುತ್ತಿರುವ ನಾಲೆ.

ಆದರೆ ಅವಳ ಚಿಂತೆ ಬೇರೆಯೇ ಇತ್ತು. "ಐಡಿಯಾ ಎಲ್ಲಿಂದ ತರೋದು ದೊಡ್ಡಮ್ಮ? ನಮ್ಮ ಕಡೆ ಅಂಥದ್ದು ಏನೂ ಇಲ್ವಲ್ಲ. ಫ್ರೆಂಡ್ಸ್ ಎಲ್ಲಾ ಮೊಬೈಲಿಗೆ ಕೇಳ್ತಾರೆ. ಎರಡು ನಿಮಿಷಕ್ಕೆ ಕಥೆ ಬರ್ಕೊಡುತ್ತೆ."

ಬರೆಯುವ ಮಕ್ಕಳಿರುವ ಮನೆಯಲ್ಲಿ ಈಗ ಈ ಪ್ರಶ್ನೆ ಬಂದೇ ಬರುತ್ತದೆ. ಇಲ್ಲದ ಲೋಕವೊಂದನ್ನು ಬರೆಯುವವರಿಗೆ ಆ ಲೋಕ ಎಲ್ಲಿ ಸಿಗುತ್ತದೆ? ಬುಡದಿಂದ ನೋಡೋಣ.

ಫ್ಯಾಂಟಸಿ ಅಂದರೆ ಏನು?

ನಮ್ಮ ಲೋಕದಲ್ಲಿ ಆಗದಂಥ ಸಂಗತಿಯೊಂದು ಕಥೆಯೊಳಗೆ ಆಗುತ್ತದೆ. ಕಥೆಯ ಜನ ಅದನ್ನು ನಿಜ ಅಂತಲೇ ತಿಳಿದು ಬದುಕುತ್ತಾರೆ. ಮರ ಮಾತಾಡಬಹುದು, ಸತ್ತವರು ಸಂತೆಗೆ ಬರಬಹುದು. ಇದು ಫ್ಯಾಂಟಸಿ. ಅದೇ ಸಂಗತಿಗೆ ಯಂತ್ರದ, ವಿಜ್ಞಾನದ ಕಾರಣ ಕೊಟ್ಟರೆ ಅದು ವೈಜ್ಞಾನಿಕ ಕಾದಂಬರಿ ಆಗುತ್ತದೆ. ಪುರಾಣದಲ್ಲಿ, ಜನಪದ ಕಥೆಯಲ್ಲಿ ಇಂಥ ಅದ್ಭುತ ಬೇಕಾದಷ್ಟಿದೆ. ಆದರೆ ಅವು ಒಬ್ಬರ ಸ್ವತ್ತಲ್ಲ. ನೂರಾರು ಬಾಯಿ ದಾಟಿ ಬಂದವು, ಎಷ್ಟೋ ಜನ ನಂಬಿ ನಡೆದುಕೊಳ್ಳುವಂಥವು. ಫ್ಯಾಂಟಸಿ ಕಾದಂಬರಿ ಒಬ್ಬರು ಕೂತು ಕಟ್ಟಿದ್ದು. ಕಟ್ಟಿದ್ದು ಅಂತ ಓದುವವರಿಗೂ ಗೊತ್ತಿರುತ್ತದೆ.

ಹೀಗೆ ಲೋಕ ಕಟ್ಟುವುದು ನಮಗೆ ಹೊಸದೇನಲ್ಲ. ದಸರೆಗೆ ಗೊಂಬೆ ಕೂರಿಸುವುದನ್ನು ನೆನೆಸಿಕೊಳ್ಳಿ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆ. ಕೆಳಗೆ ದೇವರುಗಳು, ಅದರ ಕೆಳಗೆ ಅಕ್ಕಿ ಬೇಳೆ ಇಟ್ಟುಕೊಂಡು ಕೂತ ಶೆಟ್ಟಿ ಮತ್ತು ಶೆಟ್ಟಿಯ ಹೆಂಡತಿ. ನೆಲದ ಮೇಲೆ ಮಕ್ಕಳು ಮಾಡಿದ ಊರು. ಒಡೆದ ಕನ್ನಡಿಯ ತುಂಡು ಅಲ್ಲಿ ಕೊಳ. ತಟ್ಟೆಯಲ್ಲಿ ಚೆಲ್ಲಿ ಮೊಳಕೆ ಬಂದ ರಾಗಿ ಅಲ್ಲಿ ಗದ್ದೆ. ಪಕ್ಕದಲ್ಲಿ ಆನೆಗಿಂತ ದೊಡ್ಡ ಗಿಳಿ. ಯಾರೂ ತಕರಾರು ಮಾಡುವುದಿಲ್ಲ. ಅಲ್ಲಿರುವುದೆಲ್ಲಾ ಮನೆಯಲ್ಲೇ ಇದ್ದ ಸಾಮಾನು. ಕನ್ನಡಿಯನ್ನು ಕೊಳ ಅಂತ ನೋಡಿದ ಕಣ್ಣೊಂದೇ ಹೊಸದು. ಫ್ಯಾಂಟಸಿ ಬರೆಯುವವರ ಕೆಲಸವೂ ಸುಮಾರು ಇದೇ. ಹಾಗಾಗಿ ಸಾಮಾನು ಎಲ್ಲಿಂದ ಬರುತ್ತದೆ, ಅದು ಹೇಗೆ ಬದಲಾಗುತ್ತದೆ ಅನ್ನುವುದನ್ನು ನೋಡಿದರೆ ಸ್ಫೂರ್ತಿ ಅನ್ನುವ ಮಾತು ಅರ್ಥವಾಗುತ್ತದೆ.

ತಿಪ್ಪೆಯೊಳಗೆ ಏನಾಗುತ್ತದೆ

ಟೋಲ್ಕಿನ್ ಹೆಸರು ಕೇಳಿರುತ್ತೀರಿ. ಈಗಿನ ಫ್ಯಾಂಟಸಿ ಕಾದಂಬರಿಗಳಿಗೆ ದಾರಿ ಹಾಕಿಕೊಟ್ಟವರು, ಆಕ್ಸ್‌ಫರ್ಡಿನಲ್ಲಿ ಹಳೆಯ ಇಂಗ್ಲಿಷ್ ಕಲಿಸುತ್ತಿದ್ದ ಮೇಷ್ಟ್ರು. ಕಥೆ ಎಲ್ಲಿಂದ ಬರುತ್ತದೆ ಅನ್ನುವುದಕ್ಕೆ ಅವರು ಒಂದು ಹೋಲಿಕೆ ಕೊಟ್ಟಿದ್ದರು. ಮರದ ಬುಡದಲ್ಲಿ ಎಲೆ ಉದುರಿ ಕೊಳೆತು ಗೊಬ್ಬರವಾಗುತ್ತದಲ್ಲ, ಮನಸ್ಸಿನಲ್ಲೂ ಹಾಗೆಯೇ. ನೋಡಿದ್ದು, ಓದಿದ್ದು, ಯೋಚಿಸಿದ್ದು ಎಲ್ಲಾ ಮರೆತು ಕೆಳಗಿಳಿದಿರುತ್ತದೆ. ಆ ಗೊಬ್ಬರದ ಕತ್ತಲೊಳಗಿಂದ ಬೀಜ ಮೊಳೆತ ಹಾಗೆ ಕಥೆ ಬೆಳೆಯುತ್ತದೆ ಅಂತ.

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಂಡ್ಯದ ಹಳ್ಳಿಗಳಲ್ಲಿ ತಿಪ್ಪೆ ಇದೆ. ಸಗಣಿ, ಗಂಜಲದ ಹುಲ್ಲು, ಒಲೆ ಬೂದಿ, ಕಬ್ಬಿನ ತರಗು, ಕಸ ಎಲ್ಲಾ ದಿನಾ ಅಲ್ಲಿಗೇ ಬೀಳುತ್ತದೆ. ಯಾರೂ ಆರಿಸಿ ಹಾಕುವುದಿಲ್ಲ. ಚಳಿಗಾಲದ ಬೆಳಿಗ್ಗೆ ಗುದ್ದಲಿಯಲ್ಲಿ ಕೆದಕಿದರೆ ಒಳಗಿಂದ ಹಬೆ ಏಳುತ್ತದೆ. ಕೈ ಇಟ್ಟರೆ ಬಿಸಿ. ಮೇಲೆ ಏನೂ ನಡೆಯುತ್ತಿಲ್ಲ ಅನ್ನಿಸಿದರೂ ಒಳಗೆ ಕೆಲಸ ನಡೆದೇ ಇರುತ್ತದೆ. ಕೆಲವು ತಿಂಗಳು ಬಿಟ್ಟು ತೆಗೆದರೆ ತರಗು ಯಾವುದು, ಸಗಣಿ ಯಾವುದು ಅಂತ ಗುರುತೇ ಸಿಗುವುದಿಲ್ಲ. ಎಲ್ಲಾ ಸೇರಿ ಕಪ್ಪು ಮಣ್ಣಾಗಿರುತ್ತದೆ. ಹಾಕಿದ ಹಾಗೇ ಉಳಿಯುವುದು ಒಂದೇ, ಪ್ಲಾಸ್ಟಿಕ್ ಕವರ್.

ನನ್ನ ಹುಡುಗಿಯ ಪುಸ್ತಕದ ಹಿಮ, ಓಕ್ ಮರ ಆ ಕವರಿನ ಹಾಗೆ. ಬೇರೆಯವರ ಕಥೆಯಲ್ಲಿ ಓದಿದ್ದು, ಇನ್ನೂ ಕರಗಿಲ್ಲ. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ಎಲ್ಲರೂ ಶುರು ಮಾಡುವುದು ಹಾಗೇ. ಓದಿದ್ದೂ ಕರಗುತ್ತದೆ, ಆದರೆ ಹೊತ್ತು ಬೇಕು, ಜೊತೆಗೆ ನಮ್ಮದೇ ಬದುಕಿನ ಸಗಣಿ ಬೂದಿ ಸೇರಬೇಕು.

ಎಷ್ಟು ಹೊತ್ತು? ಇನ್ನೊಬ್ಬ ಇಂಗ್ಲಿಷ್ ಲೇಖಕ ಸಿ. ಎಸ್. ಲೂಯಿಸ್ ಮಕ್ಕಳಿಗಾಗಿ ಬರೆದ ಪ್ರಸಿದ್ಧ ಫ್ಯಾಂಟಸಿ ಹುಟ್ಟಿದ್ದು ಒಂದು ಚಿತ್ರದಿಂದ. ಹಿಮ ಬಿದ್ದ ಕಾಡು, ಅಲ್ಲಿ ಛತ್ರಿ ಹಿಡಿದು ಪೊಟ್ಟಣ ಹೊತ್ತುಕೊಂಡು ಹೋಗುತ್ತಿರುವ ಆಡುಗಾಲಿನ ಒಬ್ಬ ಮನುಷ್ಯ. ಈ ಚಿತ್ರ ಸುಮಾರು 16ನೇ ವಯಸ್ಸಿನಿಂದ ಅವರ ತಲೆಯಲ್ಲಿತ್ತು. ಇದರ ಮೇಲೆ ಕಥೆ ಮಾಡೋಣ ಅಂತ ಅವರು ಕೂತದ್ದು 40ರ ಆಸುಪಾಸಿನಲ್ಲಿ. ಅವರ ತಿಪ್ಪೆಯಲ್ಲಿ ಹಿಮ ಇತ್ತು, ಛತ್ರಿ ಇತ್ತು. ನಮ್ಮ ಹುಡುಗಿಯ ತಿಪ್ಪೆಯಲ್ಲಿ ನಾಲೆ ಇತ್ತು.

ಹೊಳೆಯುವುದು ಅಂದರೆ

ಕನ್ನಡದಲ್ಲಿ ಐಡಿಯಾ ಹೊಳೆಯುತ್ತದೆ. ನಮ್ಮ ಕಡೆ ಕಾವೇರಿಯೂ ಹೊಳೆಯೇ. ಮಾತು ಎರಡಾದರೂ ಕೇಳಲು ಒಂದೇ ಥರ ಇರುವುದು ನನಗೆ ಬಹಳ ಇಷ್ಟ.

ಈ ಹೊಳೆಯುವುದು ಇದ್ದಕ್ಕಿದ್ದಂತೆ ಆದ ಹಾಗೆ ಕಾಣುತ್ತದೆ. ಗ್ರಹಾಂ ವಾಲಸ್ ಅನ್ನುವವರು 1926ರಲ್ಲಿ ಇದನ್ನು ನಾಲ್ಕು ಹಂತ ಮಾಡಿ ವಿವರಿಸಿದರು. ಮೊದಲು ತಲೆಗೆ ತುಂಬಿಕೊಳ್ಳುವುದು. ಆಮೇಲೆ ಅದನ್ನು ಬಿಟ್ಟು ಬೇರೆ ಕೆಲಸಕ್ಕೆ ಹೋಗುವುದು. ಇದನ್ನು ಅವರು ಮೊಟ್ಟೆಗೆ ಕಾವು ಕೂರುವುದಕ್ಕೆ ಹೋಲಿಸಿದ ಹೆಸರಿನಿಂದ ಕರೆದರು. ಮೂರನೆಯದು ಹೊಳೆಯುವುದು. ನಾಲ್ಕನೆಯದು ಹೊಳೆದದ್ದು ನಿಲ್ಲುತ್ತದೋ ಇಲ್ಲವೋ ಅಂತ ಕೂತು ಪರೀಕ್ಷೆ ಮಾಡುವುದು. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ, ಪಾತ್ರೆ ತೊಳೆಯುವಾಗ, ಬಸ್ಸಿನ ಕಿಟಕಿ ಪಕ್ಕ ಕೂತಾಗ ಐಡಿಯಾ ಬರುವುದು ಇದಕ್ಕೇ. ಆ ಹೊತ್ತಿಗೆ ಕೋಳಿ ಕಾವು ಕೂತಿರುತ್ತದೆ. ಆದರೆ ಮೊಟ್ಟೆಯೇ ಇಲ್ಲದೆ ಕಾವು ಕೂತರೆ ಮರಿ ಬರುವುದಿಲ್ಲ. ಸುಮ್ನೆ ಕೂತು ಸ್ಫೂರ್ತಿಗೆ ಕಾಯುವವರಿಗೆ ಅದು ಬರದಿರುವುದೂ ಇದಕ್ಕೇ.

ಮೈಸೂರಿನ ಆರ್. ಕೆ. ನಾರಾಯಣ್ ಫ್ಯಾಂಟಸಿ ಬರೆದವರಲ್ಲ. ಆದರೆ ನಕ್ಷೆಯಲ್ಲಿ ಇಲ್ಲದ ಊರೊಂದನ್ನು ಕಟ್ಟಿದವರು. ಅಜ್ಜಿ ನೋಡಿಕೊಟ್ಟ ಒಳ್ಳೆಯ ದಿನ ಅವರು ಒಂದು ನೋಟ್‌ಬುಕ್ ತಂದು, ಪೆನ್ನು ಕಚ್ಚುತ್ತಾ ಕೂತರಂತೆ. ಆಗ ಕಣ್ಣಮುಂದೆ ಬಂದದ್ದು ಒಂದು ಚಿಕ್ಕ ರೈಲ್ವೆ ಸ್ಟೇಷನ್. ಊರಿನ ಹೆಸರು ಮಾಲ್ಗುಡಿ. ಇಡೀ ಊರು ಒಂದೇ ಸಲ ಬರಲಿಲ್ಲ. ಸ್ಟೇಷನ್ ಬಂತು. ಸ್ಟೇಷನ್ ಇದ್ದ ಮೇಲೆ ರೈಲು ಬರಬೇಕು, ಮಾಸ್ತರು ಬೇಕು, ಇಳಿಯುವವರಿಗೆ ಊರು ಬೇಕು. ಹೊಳೆಯುವುದು ಹೆಚ್ಚಾಗಿ ಇಷ್ಟೇ ಚಿಕ್ಕದು. ಉಳಿದದ್ದನ್ನು ಪ್ರಶ್ನೆ ಕೇಳಿ ಕೇಳಿ ಬೆಳೆಸಬೇಕು.

ತಲಕಾಡಿನಲ್ಲಿ ಒಂದು ಪ್ರಯೋಗ

ಪ್ರಶ್ನೆ ಕೇಳುವುದು ಅಂದರೆ ಹೇಗೆ? ಇದನ್ನು ತೋರಿಸಲು ಅವಳನ್ನು ತಲಕಾಡಿಗೆ ಕರೆದುಕೊಂಡು ಹೋದೆ. ಟಿ. ನರಸೀಪುರ ತಾಲ್ಲೂಕಿನ ಊರು, ಕಾವೇರಿ ದಂಡೆ. ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ನಡೆದರೆ ಮರಳಿನ ದಿಬ್ಬಗಳು ಶುರುವಾಗುತ್ತವೆ. ಮರಳಿನ ಮಧ್ಯೆ ಗುಂಡಿ, ಗುಂಡಿಯ ತಳದಲ್ಲಿ ಗುಡಿ. ಪಾತಾಳೇಶ್ವರನ ಗುಡಿಗೆ ಮೆಟ್ಟಿಲು ಇಳಿದು ಹೋಗಬೇಕು. ದೇವಸ್ಥಾನಕ್ಕೆ ಹತ್ತಿ ಹೋಗಿ ಅಭ್ಯಾಸವಾದ ಕಾಲಿಗೆ ಇದು ವಿಚಿತ್ರ ಅನ್ನಿಸುತ್ತದೆ. 12ನೇ ಶತಮಾನದಲ್ಲಿ ಹೊಯ್ಸಳ ವಿಷ್ಣುವರ್ಧನ ಕಟ್ಟಿಸಿದ ಕೀರ್ತಿನಾರಾಯಣ ದೇವಸ್ಥಾನವನ್ನೂ ಮರಳಿನಿಂದ ಬಿಡಿಸಿ ತೆಗೆದಿದ್ದಾರೆ.

ಕಥೆ ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಶ್ರೀರಂಗಪಟ್ಟಣದಲ್ಲಿ ವಿಜಯನಗರದ ಪ್ರತಿನಿಧಿಯಾಗಿದ್ದವನಿಂದ 1610ರಲ್ಲಿ ರಾಜ ಒಡೆಯರು ಪಟ್ಟಣ ಗೆದ್ದರು. ಆ ಪ್ರತಿನಿಧಿಯ ಹೆಂಡತಿ ಅಲಮೇಲಮ್ಮ ಒಡವೆ ತೆಗೆದುಕೊಂಡು ತಲಕಾಡಿನ ಕಡೆ ಹೋದಳು. ಆ ಒಡವೆ ರಂಗನಾಯಕಿ ಅಮ್ಮನವರ ಅಲಂಕಾರಕ್ಕೆ ಬೇಕು ಅಂತ ದೊರೆಯ ಜನ ಬೆನ್ನು ಹತ್ತಿದರು. ದಾರಿ ಕಾಣದೆ ಹೊಳೆಗೆ ಹಾರುವ ಮುಂಚೆ ಅವಳು ಶಾಪ ಹಾಕಿದಳಂತೆ: ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದೆ ಹೋಗಲಿ. ಮಾಲಂಗಿ ಅಂದರೆ ಹೊಳೆಯ ಎದುರು ದಡದ ಊರು.

ಈಗ ಹೊಳೆಯ ಕಡೆಯಿಂದ ನೋಡಿ. ಯಾವುದೇ ಹೊಳೆ ತಿರುಗುವ ಕಡೆ ಒಳ ಮಗ್ಗುಲಲ್ಲಿ ನೀರು ನಿಧಾನ ಆಗುತ್ತದೆ, ಮರಳು ಕೂರುತ್ತದೆ. ಹೊರ ಮಗ್ಗುಲಲ್ಲಿ ನೀರಿನ ರಭಸ ಜಾಸ್ತಿ, ದಡ ಕೊರೆದು ಆಳವಾದ ಮಡು ಆಗುತ್ತದೆ. ತಲಕಾಡಿನ ಹತ್ತಿರ ಕಾವೇರಿ ದೊಡ್ಡ ತಿರುವು ತೆಗೆದುಕೊಳ್ಳುತ್ತಾಳೆ. ಮೇಲ್ಗಡೆ ಹಿಂದೆಯೇ ಕಟ್ಟಿದ ಅಣೆಕಟ್ಟೆಯಿಂದ ನೀರು ಇಳಿದು, ಹೊಳೆಯ ಮರಳು ಬಯಲಾಗಿ, ಗಾಳಿಗೆ ಹಾರಿ ಊರಿನ ಮೇಲೆ ಬಂತು ಅನ್ನುವುದು ವಿಜ್ಞಾನಿಗಳು ಕೊಡುವ ಒಂದು ವಿವರಣೆ. ಅಂದರೆ ಶಾಪದ ಮೊದಲೆರಡು ಮಾತು ಹೊಳೆಯ ಎರಡು ಮಗ್ಗುಲು. ಮರಳು ಈ ಕಡೆ, ಮಡು ಆ ಕಡೆ. ಅದನ್ನು ದಿನಾ ನೋಡುತ್ತಿದ್ದ ಜನರ ಬಾಯಲ್ಲಿ ಒಬ್ಬ ಹೆಣ್ಣುಮಗಳ ಸಂಕಟವೂ ಅದಕ್ಕೆ ಸೇರಿಕೊಂಡಿತು. ಹೊಳೆ ಯಾಕೆ ಹೀಗೆ ಮಾಡಿತು ಅನ್ನುವ ಜಾಗದಲ್ಲಿ ಯಾರು ನೊಂದು ಹೀಗಾಯಿತು ಅನ್ನುವ ಪ್ರಶ್ನೆ ಬಂದು ಕೂತಿತು.

ಫ್ಯಾಂಟಸಿ ಬರೆಯುವವರು ಹುಡುಕುವುದು ಈ ಜಾಗವನ್ನೇ. ಕಣ್ಣಿಗೆ ಕಾಣುವ ಒಂದು ಸಂಗತಿ, ಅದರ ಹಿಂದೆ ಮನುಷ್ಯರ ಒಂದು ನೋವು ಅಥವಾ ಆಸೆ. ಅಲಮೇಲಮ್ಮನ ಕಥೆಯನ್ನೇ ಮತ್ತೆ ಬರೆಯಬೇಕು ಅಂತಿಲ್ಲ. ಅದು ಕೆಲಸ ಮಾಡುವ ಬಗೆ ತಿಳಿದರೆ ಸಾಕು. ದಿಬ್ಬದ ಮೇಲೆ ಕೂತು ಅವಳಿಗೆ ಹೇಳಿದೆ, ಇಲ್ಲಿ ಏನೇನು ಪ್ರಶ್ನೆ ಬರುತ್ತೋ ಕೇಳು. ಅವಳು ಬೆರಳು ಮಡಚುತ್ತಾ ಹೋದಳು. ಮರಳು ಬರುತ್ತಿರುವಾಗ ಊರು ಬಿಟ್ಟು ಹೋಗದವರು ಯಾರು? ಅವರು ಬಾವಿಯನ್ನು ಏನು ಮಾಡಿದರು? ಸತ್ತವರನ್ನು ಎಲ್ಲಿ ಹೂತರು?

ಮೂರು ಪ್ರಶ್ನೆಯೂ ನಡೆಯುವಂಥವು. ಮೂರರಲ್ಲೂ ಹಿಮ ಇಲ್ಲ.

ಎರಡು ಸೇರಿದಾಗ

ಒಂದೇ ಸಂಗತಿಯಿಂದ ಕಥೆ ಏಳುವುದು ಕಡಿಮೆ. ಎರಡು ಬೇರೆ ಬೇರೆ ಸಂಗತಿ ಒಂದಕ್ಕೊಂದು ತಾಗಿದಾಗ ಕಿಡಿ ಹಾರುವುದು ಜಾಸ್ತಿ.

ಅದೇ ಕಾವೇರಿಯ ಮೇಲ್ಗಡೆ ಕೆಆರ್‌ಎಸ್ ಇದೆ. 1911ರಲ್ಲಿ ಕಟ್ಟಲು ಶುರು ಮಾಡಿದ ಅಣೆಕಟ್ಟೆ. ನೀರು ನಿಂತಾಗ ಹಳೆಯ ಕನ್ನಂಬಾಡಿ ಮುಳುಗಿತು. ವೇಣುಗೋಪಾಲಸ್ವಾಮಿ ದೇವಸ್ಥಾನವೂ ಮುಳುಗಿತು. ಮಳೆ ಕೈಕೊಟ್ಟು ನೀರು ತೀರಾ ಇಳಿದ ವರ್ಷಗಳಲ್ಲಿ ಗುಡಿ ಮೇಲೆ ಕಾಣುತ್ತಿತ್ತು, ಜನ ನೋಡಲು ಹೋಗುತ್ತಿದ್ದರು. ಈಗ ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಕಟ್ಟಿದ್ದಾರೆ.

ಒಂದೇ ಹೊಳೆ. ಮೇಲೆ ನೀರಿನಡಿ ಒಂದು ಊರು, ಕೆಳಗೆ ಮರಳಿನಡಿ ಒಂದು ಊರು. ಎರಡನ್ನೂ ಬೇರೆ ಬೇರೆಯಾಗಿ ನೋಡಿದರೆ ಇತಿಹಾಸ. ನೀರಿನಡಿಯ ಊರಲ್ಲಿ ಗಂಟೆ ಹೊಡೆದರೆ ಮರಳಿನಡಿಯ ಊರಿಗೆ ಕೇಳಿಸುತ್ತದೆ ಅಂದುಕೊಳ್ಳಿ. ಆ ಕ್ಷಣ ಅದು ಫ್ಯಾಂಟಸಿ.

ಬಿಸಿಲು ಬೀಳಬಾರದ ಕಿರೀಟ

ಫ್ಯಾಂಟಸಿಯಲ್ಲಿ ಏನು ಬೇಕಾದರೂ ಆಗಬಹುದು ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಏನು ಬೇಕಾದರೂ ಆಗುವ ಕಥೆಯಲ್ಲಿ ಯಾರಿಗೂ ಭಯ ಆಗುವುದಿಲ್ಲ, ಯಾರೂ ಕಾಯುವುದಿಲ್ಲ. ಕಟ್ಟುಪಾಡು ಇಲ್ಲದ ಚೌಕಾಬಾರ ಆಡಿದ ಹಾಗೆ. ಅದ್ಭುತಕ್ಕೂ ಒಂದು ಕಟ್ಟು ಬೇಕು.

ಮೇಲುಕೋಟೆಯ ವೈರಮುಡಿ ನೋಡಿ. ಕಥೆಯ ಪ್ರಕಾರ ಅದು ಕ್ಷೀರಸಾಗರದಲ್ಲಿದ್ದ ವಿಷ್ಣುವಿನ ಕಿರೀಟ. ವಿರೋಚನ ಅನ್ನುವ ಅಸುರ ಕದ್ದ, ಗರುಡ ಬಿಡಿಸಿ ತಂದ. ಅದರ ಮೇಲೆ ಹಗಲಿನ ಬೆಳಕು ಬೀಳಬಾರದು ಅನ್ನುವುದು ನಂಬಿಕೆ. ಹಾಗಾಗಿ ಚೆಲುವನಾರಾಯಣಸ್ವಾಮಿಗೆ ಅದನ್ನು ತೊಡಿಸಿ ಉತ್ಸವ ಮಾಡುವುದು ರಾತ್ರಿ ಹೊತ್ತು. ವರ್ಷದ ಉಳಿದ ದಿನ ಕಿರೀಟ ಇರುವುದು ಮಂಡ್ಯದ ಜಿಲ್ಲಾ ಖಜಾನೆಯಲ್ಲಿ. ಉತ್ಸವದ ದಿನ ಪೊಲೀಸ್ ಕಾವಲಿನಲ್ಲಿ ಹೊರಡುತ್ತದೆ. ದಾರಿಯ ಊರುಗಳಲ್ಲಿ ಜನ ರಂಗೋಲಿ ಹಾಕಿ, ಪೂಜೆಗೆ ತಟ್ಟೆ ಹಿಡಿದು ಕಾಯುತ್ತಾರೆ.

ಗರುಡ ತಂದ ಕಿರೀಟ, ಸರ್ಕಾರಿ ಖಜಾನೆ, ಕಾವಲಿನ ಪೊಲೀಸರು, ಬೆಳಗಾಗುವುದರೊಳಗೆ ಮುಗಿಯಬೇಕಾದ ಉತ್ಸವ. ಇದರಲ್ಲಿ ಒಂದನ್ನೂ ಯಾರೂ ಕಾದಂಬರಿಗಾಗಿ ಕಟ್ಟಿದ್ದಲ್ಲ. ಆದರೆ ಒಂದು ಕಾದಂಬರಿಗೆ ಬೇಕಾದ್ದೆಲ್ಲಾ ಇದೆ. ಒಂದು ಕಟ್ಟು ಇದೆ, ಗಡಿಯಾರ ಇದೆ, ನಂಬಿ ಕಾಯುವ ಜನ ಇದ್ದಾರೆ. ಬರೆಯುವವರು ಇದನ್ನು ಹಾಗೇ ಎತ್ತಿಕೊಳ್ಳಬೇಕಿಲ್ಲ, ಎತ್ತಿಕೊಳ್ಳಲೂ ಬಾರದು ಅನ್ನುವುದು ನನ್ನ ಅನಿಸಿಕೆ. ಅದು ಜನ ಕೈಮುಗಿಯುವ ಸಂಗತಿ. ಇಲ್ಲಿ ಕಲಿಯಬೇಕಾದದ್ದು ಒಂದು ಬೇಡ ಅನ್ನುವ ಮಾತು ಎಷ್ಟು ಕಥೆ ಹುಟ್ಟಿಸುತ್ತದೆ ಅನ್ನುವುದನ್ನು. ತನ್ನ ಲೋಕದಲ್ಲಿ ಏನು ಮಾಡಬಾರದು, ಮಾಡಿದರೆ ಏನು ತೆರಬೇಕು, ಇವೆರಡು ಗೊತ್ತಾದರೆ ಅರ್ಧ ಲೋಕ ನಿಂತ ಹಾಗೆ.

ಅಡುಗೆಮನೆಯ ಲೋಕ

ಕೋಟೆ, ಕಿರೀಟ ಇಲ್ಲದೆಯೂ ಫ್ಯಾಂಟಸಿ ಆಗುತ್ತದೆಯೇ? 1929ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ ಕನ್ನಡದ ಜನಪದ ಕಥೆಗಳನ್ನು ಸಂಗ್ರಹಿಸಿ ಲೋಕಕ್ಕೆ ಕೊಟ್ಟರು. ಅದರಲ್ಲಿ ಒಂದು ಕಥೆ ನನಗೆ ಮೊದಲ ಸಲ ಓದಿದಾಗಿನಿಂದ ಜೊತೆಗಿದೆ.

ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳುತ್ತಿರಲಿಲ್ಲ. ಒಳಗೇ ಕೂತು ಅವಕ್ಕೆ ಉಸಿರು ಕಟ್ಟಿತು. ಒಂದು ದಿನ ಅವಳು ಬಾಯಿ ತೆರೆದು ಮಲಗಿದ್ದಾಗ ಎರಡೂ ಹೊರಗೆ ಜಾರಿದವು. ಕಥೆ ಒಂದು ಜೊತೆ ಮೆಟ್ಟಾಗಿ ಬಾಗಿಲಲ್ಲಿ ಕೂತಿತು. ಹಾಡು ಕೋಟಾಗಿ ಗೂಟಕ್ಕೆ ನೇತುಬಿತ್ತು. ಗಂಡ ಮನೆಗೆ ಬಂದ. ಇದು ಯಾರದು ಅಂತ ಕೇಳಿದ. ಅವಳಿಗೆ ಗೊತ್ತಿಲ್ಲ. ಜಗಳವಾಯಿತು. ಗಂಡ ಕಂಬಳಿ ಎತ್ತಿಕೊಂಡು ಹನುಮಂತನ ಗುಡಿಗೆ ಮಲಗಲು ಹೋದ. ಊರಿನಲ್ಲಿ ಆರಿಸಿದ ದೀಪಗಳ ಕುಡಿಗಳೆಲ್ಲಾ ರಾತ್ರಿ ಆ ಗುಡಿಗೆ ಬಂದು ಮಾತಾಡಿಕೊಳ್ಳುತ್ತವೆ. ಅವತ್ತು ಒಂದು ದೀಪ ತಡವಾಗಿ ಬಂತು. ಯಾಕೆ ತಡ ಅಂದರೆ, ನಮ್ಮ ಮನೆಯಲ್ಲಿ ಜಗಳ, ದೀಪ ಆರಿಸಿದ್ದೇ ತಡ ಅಂತು. ಆ ಮೆಟ್ಟು, ಕೋಟು ಎಲ್ಲಿಂದ ಬಂದವು ಅನ್ನುವುದನ್ನೂ ಅದೇ ಹೇಳಿತು. ಕಥೆ, ಹಾಡು ಸೇಡು ತೀರಿಸಿಕೊಂಡ ಗುಟ್ಟು ಹೀಗೆ ಬಯಲಾಯಿತು.

ಇದರಲ್ಲಿರುವ ಸಾಮಾನು ನೋಡಿ. ಮೆಟ್ಟು, ಕೋಟು, ಗೂಟ, ಕಂಬಳಿ, ದೀಪ. ಎಲ್ಲಾ ಮನೆಯಲ್ಲಿದ್ದದ್ದು. ಯಾರೋ ಒಬ್ಬ ಅಜ್ಜಿ ಯಾವುದೋ ರಾತ್ರಿ ದೀಪ ಆರಿಸುತ್ತಾ, ಆರಿದ ಮೇಲೆ ಈ ಕುಡಿ ಎಲ್ಲಿಗೆ ಹೋಗುತ್ತೆ ಅಂತ ಅಂದುಕೊಂಡಿರಬೇಕು. ಅಷ್ಟರಿಂದ ಒಂದು ಲೋಕ.

ಹೆಸರುಗಳು

ಟೋಲ್ಕಿನ್ ಮೊದಲು ಭಾಷೆಗಳನ್ನು ಕಟ್ಟುತ್ತಿದ್ದರು, ಆ ಭಾಷೆ ಆಡುವ ಜನಕ್ಕಾಗಿ ಲೋಕ ಕಟ್ಟಿದರು. ನಾವು ಭಾಷೆ ಕಟ್ಟಬೇಕಿಲ್ಲ. ಊರ ಹೆಸರನ್ನು ಕಿವಿಗೊಟ್ಟು ಕೇಳಿದರೂ ಸಾಕು. ಈಗಿನ ಪಾಂಡವಪುರಕ್ಕೆ ಹಿರೋಡೆ ಅಂತ ಹೆಸರಿತ್ತು. ಹೈದರ್, ಟಿಪ್ಪು ಕಾಲದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಫ್ರೆಂಚ್ ರಾಕ್ಸ್ ಅನ್ನುವ ಹೆಸರೂ ಬಂತು. ಪಕ್ಕದಲ್ಲೇ ಕುಂತಿಬೆಟ್ಟ. ಒಂದೇ ಊರಿನ ಮೇಲೆ ಮೂರು ಹೆಸರು, ಮೂರು ಕಾಲ. ಹಳೆಯ ಹೆಸರಿನಲ್ಲೇ ಕರೆದರೆ ಮಾತ್ರ ತಿರುಗಿ ನೋಡುವ ಊರು ಅಂತ ನಾನು ಸುಮ್ನೆ ಅಂದೆ. ಅವಳು ಬ್ಯಾಗಿನಿಂದ ಪೆನ್ನು ತೆಗೆದಳು.

ಈಗ ಅವಳ ಮೊದಲ ಪುಟ

ಮೊಬೈಲು ಬರೆದುಕೊಡುವ ಕಥೆಯ ಬಗ್ಗೆ ಅವಳಿಗೆ ನಾನು ಹೇಳಿದ್ದು ಒಂದ್ನಾಲ್ಕು ಮಾತು. ಅದು ಲಕ್ಷಾಂತರ ಜನ ಬರೆದದ್ದನ್ನು ಕಲಿತು ಬರೆಯುತ್ತದೆ. ನೀರು ಬಿಟ್ಟ ದಿನ ನೀನು ನಾಲೆ ಏರಿಯ ಮೇಲೆ ನಿಂತು ಕೇಳಿದ ಸದ್ದನ್ನು ನೀನು ಹೇಳದಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ. ಅವಳು ಹೂಂ ಅಂದಳು.

ಹೋದ ವಾರ ಫೋನಿನಲ್ಲಿ ಹೊಸ ಮೊದಲ ಪುಟದ ಫೋಟೋ ಕಳಿಸಿದಳು. ಹಿಮ ಹೋಗಿದೆ. ಸವಾರನೂ ಇಲ್ಲ, ಅವನ ಬದಲು ಒಬ್ಬ ಅಜ್ಜಿ ಬಂದಿದ್ದಾಳೆ. ಮೊದಲ ಸಾಲು ಹೀಗಿದೆ: "ಊರಿಗೆ ಮರಳು ಬರಲು ಶುರುವಾದ ಮೂರನೇ ವರ್ಷ, ನಮ್ಮಜ್ಜಿ ಮನೆಯ ಬಾಗಿಲನ್ನು ಕಿತ್ತು ಸೂರಿಗೆ ಇಡಿಸಿದಳು."

ಫೋಟೋದ ಹಿಂದೆಯೇ ಒಂದು ಮೆಸೇಜು ಬಂತು. "ದೊಡ್ಡಮ್ಮ, ಬಾಗಿಲೇ ಸೂರಿನಲ್ಲಿದ್ರೆ ಒಲೆ ಹೊಗೆ ಎಲ್ಲಿಂದ ಹೋಗುತ್ತೆ? ನಾಳೆ ಮೇಸ್ತ್ರಿ ಮಾಮನ್ನ ಕೇಳ್ಬೇಕು."